ಮೂಗು ನಿಮ್ದು, ನೆಗಡಿ ಬೆಕ್ಕಿಗೆ

ನಿಮಗೆ ನೆಗಡಿ ಆದ್ರೆ ಏನ್ಮಾಡ್ತೀರಿ, ನಿಜ ಹೇಳಿ. ಮಕ್ಕಳಿಗೆ 'ಹತ್ರ ಬರಬ್ಯಾಡ್ರೋ, ಅಂಟುತ್ತೆ' ಅಂತೀರಿ. ಆಮೇಲೆ ಬೆಕ್ಕನ್ನ ಕಂಬಳಿಯೊಳಗೆ ಎಳ್ಕೊಂಡು, ಅದರ ಮೂತಿಗೆ ನಿಮ್ಮ ಸೋರೋ ಮೂಗು ಉಜ್ತೀರಿ! (ಇಲ್ಲ ಅನ್ಬೇಡಿ. ನಮ್ಮ ಕೊರಟಗೆರೆಯಲ್ಲಿ ಕಿಟಕಿಗೆ ಪರದೆ ಎಳೆದ್ರೂ ಸುದ್ದಿ ಬಸ್‌ಸ್ಟ್ಯಾಂಡ್‌ಗೆ ಹೋಗಿರುತ್ತೆ.)

ಪಕ್ಕದ ಮನೆಯೋರು ಕುಡಿದಿಟ್ಟ ಲೋಟ ಮೂರು ಸಲ ಉಜ್ಜಿ ತೊಳೆಸೋರು ನೀವೇ. ಟೀಯಲ್ಲಿ ಅದ್ದಿ ಕಚ್ಚಿದ ಬಿಸ್ಕತ್ತಿನ ಉಳಿದರ್ಧ ನಿಮ್ಮ ನಾಯಿ ಟಾಮಿ ಬಾಯಿಗಿಡೋರೂ ನೀವೇ. ನಾಯಿಯಿಂದ ನಮಗೇನು ಕಾಯಿಲೆ ಬರುತ್ತೋ ಅಂತ ಗೂಗಲ್ ಮಾಡ್ತೀರಲ್ಲ, ನಮ್ಮಿಂದ ಅದಕ್ಕೇನು ಹೋಗುತ್ತೆ ಅಂತ ಒಂದಿನಾನಾದ್ರೂ ಕೇಳಿದ್ದೀರಾ?

ಕೇಳಿದೋರು ನಮ್ಮ ತುಮಕೂರು ಜಿಲ್ಲೇಲೇ ಇದ್ರು ಕಣ್ರೀ. 2020ರ ಜೂನ್ ಕೊನೆ. ಚಿಕ್ಕನಾಯಕನಹಳ್ಳಿ ತಾಲೂಕಿನ ಗೋಡೆಕೆರೆ ಕಡೆ ಕುರಿ-ಮೇಕೆ ಕಾಯೋರೊಬ್ಬರಿಗೆ ಕೊರೊನಾ ಪಾಸಿಟಿವ್ ಬಂತು. ಹಿಂಡಿನಲ್ಲಿ ಕೆಲವು ಸತ್ತವು, ಕೆಲವಕ್ಕೆ ಉಸಿರಾಟದ ತೊಂದ್ರೆ. ಊರೋರು ಹೆದರಿ ಸಚಿವ ಜೆ.ಸಿ. ಮಾಧುಸ್ವಾಮಿಯವರವರೆಗೂ ಹೋದ್ರು.

ಪಶುವೈದ್ಯರು ಬಂದ್ರು. ಹೆಚ್ಚೂಕಡಿಮೆ ಐವತ್ತು ಜೀವಕ್ಕೆ ಊರಾಚೆ ಕ್ವಾರಂಟೈನ್! ಮೂಗಿನ ಸ್ಯಾಂಪಲ್ಲು ಬೆಂಗಳೂರಿನ ಲ್ಯಾಬಿಗೆ. (ಹೋತ, ಮೇಕೆ, ಮರಿ ಎಲ್ಲಾ ತೆಪ್ಪಗೆ ನಿಂತಿದ್ವು ಅಂದ್ಕೊಳ್ಳಿ. ಆಗ ನಿಮ್ಮ ಕೈಗೆ ಕ್ವಾರಂಟೈನ್ ಸೀಲ್ ಹೊಡೆದಿದ್ರೆ, ತುಂಬುತೋಳಿನ ಅಂಗಿ ತೊಟ್ಟು ಅಂಗಡಿ ಬಾಗಿಲಲ್ಲಿ ನಿಂತಿರ್ತಿದ್ರಿ.) ಅಧಿಕಾರಿಗಳ ಗುಮಾನಿ ಮಾತ್ರ ಮೇಕೆಗಳಿಗೆ ಮೊದಲಿಂದ್ಲೂ ಬರೋ ಪಿಪಿಆರ್ ರೋಗದ ಮೇಲಿತ್ತು. ಕೊರೊನಾ ಮೇಕೆಗೆ ಅಷ್ಟು ಸಲೀಸಾಗಿ ಹತ್ತಲ್ಲ ಅಂತ ಆಮೇಲಿನ ಪ್ರಯೋಗಗಳೂ ಹೇಳಿದ್ವು.

ಹತ್ತೋದು ಯಾರಿಗೆ ಗೊತ್ತಾ? ನಿಮ್ಮ ಕಂಬಳಿಯೊಳಗಿನ ಬೆಕ್ಕಿಗೆ! ವೈರಸ್ಸು ಒಳಗೆ ನುಗ್ಗೋಕೆ ಹಿಡಿಯೋ ಏಸ್-2 ಅನ್ನೋ ಪ್ರೋಟೀನು ಬೆಕ್ಕಿನ ಮೈಯಲ್ಲೂ ಹೆಚ್ಚುಕಡಿಮೆ ನಮ್ಮದರ ಹಾಗೇ ಇದೆ. ನಾಯಿಗೆ ಅಪಾಯ ಕಮ್ಮಿ, ಆದ್ರೂ 2020ರಲ್ಲಿ ಹಾಂಕಾಂಗಿನ ಒಂದು ಪೊಮೇರಿಯನ್‌ಗೆ ಒಡೆಯರಿಂದಲೇ ಅಂಟಿತ್ತು. 2021ರ ಮೇ ತಿಂಗಳಲ್ಲಿ ಹೈದರಾಬಾದ್ ಝೂನ ಎಂಟು ಸಿಂಹಗಳೂ ಪಾಸಿಟಿವ್. ಸಿಂಹಕ್ಕೆ ಯಾರೂ ಮುತ್ತು ಕೊಟ್ಟಿರಲ್ಲ ಬಿಡಿ, ಹತ್ರದಲ್ಲಿ ಕೆಮ್ಮಿದ್ರೆ ಸಾಕು.

ಕೊರೊನಾ ಮುಗೀತಲ್ಲ ಅಂತೀರಾ? 2009ರ ಎಚ್1ಎನ್1 ಫ್ಲೂ ಕೂಡ ಅಮೆರಿಕದ ಅಯೋವಾದಲ್ಲಿ ಮನೆಯೋರಿಂದ ಬೆಕ್ಕಿಗೆ ದಾಟಿತ್ತು. ಅಂದ್ಮೇಲೆ ಜ್ವರ, ಕೆಮ್ಮು ಇದ್ದಾಗ ನಾಯಿ-ಬೆಕ್ಕಿನ ಊಟ ಬೇರೆಯೋರು ಹಾಕ್ಲಿ. ಬೇರೆ ಯಾರೂ ಇಲ್ವಾ? ಮಾಸ್ಕ್ ಹಾಕ್ಕೊಂಡು, ಕೈ ತೊಳ್ಕೊಂಡು ನೀವೇ ಹಾಕಿ. ಮಾಸ್ಕ್ ನಿಮ್ಮ ಮೂತಿಗೆ, ಅದರ ಮೂತಿಗಲ್ಲ! ಅದರ ಮೈಗೆ ಸ್ಯಾನಿಟೈಸರ್ ಬಳಿಯೋದೂ ಬ್ಯಾಡ.

ಇನ್ನೊಂದು ಮಾತು, ತಮಾಷೆ ಅಲ್ಲ. ಬೆಕ್ಕು ಸೀನಿತು ಅಂತ ಕನಿಕರಪಟ್ಟು ನೀವು ನುಂಗೋ ಪ್ಯಾರಾಸಿಟಮಾಲ್ ಮುರಿದು ಹಾಲಿಗೆ ಹಾಕೀರಿ, ಹುಷಾರು. ಅದನ್ನ ಅರಗಿಸೋ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ, ಒಂದೇ ಮಾತ್ರೆಗೆ ಅದು ಸಾಯಬಹುದು. ಪಶು ಆಸ್ಪತ್ರೆಗೆ ಕರ್ಕೊಂಡ್ಹೋಗಿ.