ಸೋನಾ ಮಸೂರಿ ಮತ್ತು 414 ಕುದುರೆಗಳು

ನವೆಂಬರ್ ಬಂತೆಂದರೆ ನಮ್ಮೂರಿನಲ್ಲಿ ಹಿಮಕ್ಕಿಂತ ಮೊದಲು ಉಪದೇಶ ಸುರಿಯುತ್ತದೆ. ಊರು ಬಫಲೋ. ನ್ಯೂಯಾರ್ಕ್ ರಾಜ್ಯದಲ್ಲೇ ಇದೆ, ಆದರೆ ಸಿನಿಮಾದಲ್ಲಿ ಕಾಣುವ ನ್ಯೂಯಾರ್ಕಿಗೂ ನಮಗೂ ನಡುವೆ ಒಂದು ಹಗಲಿನ ಕಾರುದಾರಿ. ಕನ್ನಡ ಕೂಟದ ದೀಪಾವಳಿ ಊಟದಲ್ಲಿ ಹೋಳಿಗೆಯ ಮೇಲೆ ತುಪ್ಪ ಬೀಳುವ ಮೊದಲೇ ಯಾರಾದರೂ ಪಕ್ಕಕ್ಕೆ ಬಂದು, ದನಿ ತಗ್ಗಿಸಿ ಕೇಳುತ್ತಾರೆ: "ಆ ಕಾರು ಇನ್ನೂ ಇಟ್ಕೊಂಡಿದೀರಾ?"

ಇಟ್ಟುಕೊಂಡಿದ್ದೇನೆ. ಜರ್ಮನಿಯ ಕಾರು. ನಾಲ್ಕು ಬಾಗಿಲು, ಹಿಂದೆ ಮೂವರಿಗೆ ಸೀಟು, ಸಾಮಾನಿಗೆ ಡಿಕ್ಕಿ, ಹೊರನೋಟಕ್ಕೆ ಪಕ್ಕಾ ಸಂಸಾರಸ್ಥ. ಬಾನೆಟ್ಟಿನ ಕೆಳಗೆ ಮಾತ್ರ ಎಂಟು ಸಿಲಿಂಡರಿನ, 414 ಕುದುರೆಗಳ, ನಿಮಿಷಕ್ಕೆ 8,400 ಸುತ್ತಿನವರೆಗೂ ಕೂಗಿಕೊಂಡು ಏರುವ ಎಂಜಿನ್ನು. ಗೇರು ಕೈಯಲ್ಲೇ ಹಾಕಬೇಕು. ಇಷ್ಟೂ ಕುದುರೆಗಳ ಶಕ್ತಿ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಉಪದೇಶಕರಿಗೆ ಸಂಕಟವಾಗುವುದು ಇಲ್ಲೇ.

ಇಂಥ ಕಾರಿದ್ದವರು ಚಳಿಗಾಲಕ್ಕೆ ಅದಕ್ಕೆ ಹೊದಿಕೆ ಹೊದಿಸಿ ಗ್ಯಾರೇಜಿನಲ್ಲಿ ಮಲಗಿಸಿ, ಏಪ್ರಿಲ್‌ವರೆಗೆ ಬೇರೆ ಏನನ್ನೋ ಓಡಿಸುವುದು ವಾಡಿಕೆ. ನನ್ನದು ಬೇರೆ ವಾದ. ಅದು ಶುದ್ಧ ಜಿಪುಣತನದ ವಾದವಾದ್ದರಿಂದ ಕನ್ನಡ ಕೂಟದಲ್ಲಾದರೂ ಅದಕ್ಕೆ ಬೆಲೆ ಸಿಗಬೇಕಿತ್ತು. ಬೇಸಿಗೆಯಲ್ಲಿ ಇಲ್ಲಿನ ಹೆದ್ದಾರಿಯ ಮಿತಿ ಗಂಟೆಗೆ 65 ಮೈಲಿ. ಆ ವೇಗಕ್ಕೆ ನನ್ನ ಕುದುರೆಗಳಲ್ಲಿ ಮುಕ್ಕಾಲು ಪಾಲು ಲಾಯ ಬಿಟ್ಟು ಹೊರಗೇ ಬರುವುದಿಲ್ಲ. ತಿರುವಿನಲ್ಲಿ ತೂಕ ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳುವುದು, ಹಿಂಬದಿ ಜಾರುವ ಸುದ್ದಿಯನ್ನು ಸ್ಟೀರಿಂಗು ಅಂಗೈಗೆ ಮೊದಲೇ ತಿಳಿಸುವುದು, ಎರಡು ಹಿಂಚಕ್ರಗಳ ನಡುವೆ ಡಿಫರೆನ್ಷಿಯಲ್ ನಡೆಸುವ ಪಂಚಾಯಿತಿ, ಇದನ್ನೆಲ್ಲ ಕಾಣಬೇಕಾದರೆ ರೇಸ್ ಟ್ರ್ಯಾಕಿಗೆ ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿಕೊಂಡು, ನೂರು ಮೈಲಿ ವೇಗದಲ್ಲಿ ಮನೆದೇವರನ್ನು ನೆನೆಯಬೇಕು. ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟಿಗೆ ಹೋಗಿ. ಅಷ್ಟೂ ಭಾಗ್ಯ ಸೈಕಲ್ಲಿನ ವೇಗದಲ್ಲಿ, ಪುಕ್ಕಟೆ. ಒಣ ಡಾಂಬರಿನ ಮೇಲೆ ಟೈರಿಗಿರುವ ಹಿಡಿತದ ಕಾಲುಭಾಗ ಒತ್ತಿದ ಹಿಮದ ಮೇಲೆ ಸಿಕ್ಕರೆ ಹೆಚ್ಚು. ಹೀಗಾಗಿ ಕಾರಿನ ಬುದ್ಧಿಯೆಲ್ಲ ನಿಧಾನಗತಿಯಲ್ಲಿ, ಬಿಡಿಬಿಡಿಯಾಗಿ ಕಾಣುತ್ತದೆ. 2017ರಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ಒಬ್ಬ ಪುಣ್ಯಾತ್ಮ ಇಂಥದೇ ಒಂದು ಜರ್ಮನ್ ಸೆಡಾನನ್ನು ಎಂಟು ತಾಸು ಬಿಡದೆ ಅಡ್ಡಡ್ಡ ಜಾರಿಸಿ 374 ಕಿಲೋಮೀಟರ್ ಸುತ್ತಿ ದಾಖಲೆ ಮಾಡಿದ. ಪಕ್ಕದಲ್ಲೇ ಇನ್ನೊಂದು ಕಾರು ಜಾರುತ್ತ ಬಂದು, ಓಡುವ ಕಾರಿಗೇ ಪೆಟ್ರೋಲ್ ತುಂಬಿಸಿತು. ಕಾರು ಜಾರಲೆಂದು ಅವರು ನೆಲಕ್ಕೆಲ್ಲ ನೀರು ಬಿಡಬೇಕಾಯಿತು. ನಮ್ಮಲ್ಲಿ ಆ ಖರ್ಚನ್ನು ಈರಿ ಸರೋವರ ನೋಡಿಕೊಳ್ಳುತ್ತದೆ.

ಸರೋವರದ ಉದ್ದಕ್ಕೂ ಬೀಸಿ ಬರುವ ತಣ್ಣನೆಯ ಗಾಳಿ ಇನ್ನೂ ಬೆಚ್ಚಗಿರುವ ನೀರಿನಿಂದ ತೇವ ಹೀರಿಕೊಂಡು ಬಂದು ನಮ್ಮ ತಲೆಯ ಮೇಲೆ ಕೊಡವುತ್ತದೆ. ಅದೂ ಸಣ್ಣ ಪಟ್ಟಿಯಲ್ಲಿ. ಊರಿನ ಉತ್ತರದಲ್ಲಿ ಬಿಸಿಲಿರುತ್ತದೆ, ದಕ್ಷಿಣದಲ್ಲಿ ಮನೆಬಾಗಿಲು ತೆರೆಯುವುದಿಲ್ಲ. 2022ರ ನವೆಂಬರಿನಲ್ಲಿ ದಕ್ಷಿಣದ ಹ್ಯಾಂಬರ್ಗ್ ಕಡೆ ಕೆಲವೇ ದಿನಗಳಲ್ಲಿ 80 ಅಂಗುಲ ಬಿತ್ತು. ತಮಾಷೆಯೆಂದರೆ, ಇದನ್ನು ಕರಗಿಸಲು ರಸ್ತೆಗೆ ಉಪ್ಪು ಬೇಕಲ್ಲ, ಅದರ ಗಣಿಯೂ ಇದೇ ಸರೋವರದ ಅಡಿಯಲ್ಲಿದೆ, ಕ್ಲೀವ್‌ಲ್ಯಾಂಡಿನ ಹತ್ತಿರ. ಮೇಲಿನಿಂದ ಹಿಮ, ಕೆಳಗಿನಿಂದ ಉಪ್ಪು. ಆದರೆ ಮೈನಸ್ 10ಕ್ಕಿಂತ ಕೆಳಗಿಳಿದರೆ ಉಪ್ಪಿನ ಕೈ ಸಾಗುವುದಿಲ್ಲ, ಆಮೇಲೆ ಅದು ಕಾರಿನ ತಳವನ್ನು ತಿನ್ನುವುದಷ್ಟೇ.

ಟೈರಿನ ವಿಷಯ ಬೇಗ ಮುಗಿಸುತ್ತೇನೆ. ಇವರಿಗೆ (ಅಂದರೆ ನನ್ನ ಗಂಡನಿಗೆ) ಅದರ ಬೆಲೆ ಇನ್ನೂ ಪೂರ್ತಿ ಗೊತ್ತಿಲ್ಲ. ಬೇಸಿಗೆಯ ಟೈರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಬಿಗಿದುಕೊಂಡು ಹಿಡಿತ ಬಿಡುತ್ತದೆ. ಚಳಿಗಾಲದ ಟೈರು ಮೆತ್ತಗೇ ಇರುತ್ತದೆ, ಮೈತುಂಬ ಸಣ್ಣ ಸಣ್ಣ ಸೀಳುಗಳಿರುತ್ತವೆ, ಅಗಲ ಕಡಿಮೆಯಿದ್ದಷ್ಟೂ ಹಿಮವನ್ನು ಕೊರೆದುಕೊಂಡು ಹೋಗುತ್ತದೆ. ಇದನ್ನು ಜಗತ್ತಿಗೆ ಕೊಟ್ಟವರು ಫಿನ್ಲೆಂಡಿನವರು. ಲಾರಿಗೆ 1934ರಲ್ಲಿ, ಕಾರಿಗೆ 1936ರಲ್ಲಿ. ನಾವೆಲ್ಲ ಹಾವಿನ ಆಟ ಆಡಿದ ನೋಕಿಯಾ ಫೋನಿಗೂ ಈ ಟೈರಿಗೂ ಒಂದೇ ಊರಿನ, ಒಂದೇ ಕಂಪನಿಯ ನಂಟು ಎಂದು ಹೇಳಿ ನಾನು ಇವರಿಂದ ಹಣ ಮಂಜೂರು ಮಾಡಿಸಿಕೊಂಡೆ. ಹಳೆಯ ನೋಕಿಯಾದ ಮೇಲೆ ಇವರಿಗೆ ಅಪಾರ ಭಕ್ತಿ.

ನನಗೆ ಸಿಟ್ಟು ಬರಿಸುವವರು ನಾಲ್ಕೂ ಚಕ್ರ ತಿರುಗುವ ಎಸ್‌ಯುವಿ ಇಟ್ಟುಕೊಂಡು, ಅದಕ್ಕೆ ವರ್ಷವಿಡೀ ಒಂದೇ ಸವೆದ ಟೈರು ಹಾಕಿಕೊಂಡು, ನನಗೆ ಬುದ್ಧಿ ಹೇಳುವವರು. ನಾಲ್ಕು ಚಕ್ರ ತಿರುಗಿದರೆ ಹೊರಡಲು ಅನುಕೂಲ, ಒಪ್ಪಿದೆ. ನಿಲ್ಲಿಸಲು? ಬ್ರೇಕು ನನಗೂ ನಾಲ್ಕು ಚಕ್ರಕ್ಕೇ ಇದೆ ಸ್ವಾಮಿ. ದೊಡ್ಡ ಹಿಮ ಬಿದ್ದ ಮರುದಿನ ಹೆದ್ದಾರಿಯ ಪಕ್ಕದ ಹಳ್ಳದಲ್ಲಿ ಮೂಗು ಊರಿ ನಿಂತ ಗಾಡಿಗಳಲ್ಲಿ ಇಂಥವೇ ನನ್ನ ಕಣ್ಣಿಗೆ ಹೆಚ್ಚು ಬೀಳುತ್ತವೆ. (ನಾನು ಹುಡುಕಿಕೊಂಡು ನೋಡುತ್ತೇನೆ ಎನ್ನುವುದೂ ನಿಜ.)

ಆದರೆ 2022ರ ಕ್ರಿಸ್‌ಮಸ್ ಹೊತ್ತಿಗೆ ಬಂದ ಬಿರುಗಾಳಿಯಲ್ಲಿ ಯಾವ ವಾದಕ್ಕೂ ಜಾಗವಿರಲಿಲ್ಲ. ಬಾನೆಟ್ಟಿನ ತುದಿಯೇ ಕಾಣದಷ್ಟು ಬಿಳಿ. ಆಂಬುಲೆನ್ಸು, ಅಗ್ನಿಶಾಮಕದ ಗಾಡಿ, ಹಿಮ ಗುಡಿಸುವ ಲಾರಿ ಎಲ್ಲವೂ ರಸ್ತೆಯಲ್ಲೇ ಹೂತುಹೋದವು. ನಮ್ಮ ಕೌಂಟಿಯೊಂದರಲ್ಲೇ 40ಕ್ಕೂ ಹೆಚ್ಚು ಜನ ಸತ್ತರು, ಕೆಲವರು ತಮ್ಮ ಕಾರಿನೊಳಗೇ. ಕೆಲಸಕ್ಕೆ ಹೋದವರು, ಮನೆಗೆ ಹೊರಟವರು. ಆಮೇಲೆ ಬಹಳ ಕಾಲ ಈ ಊರಿನಲ್ಲಿ ಯಾರೂ ಯಾರ ಕಾರನ್ನೂ ಗೇಲಿ ಮಾಡಲಿಲ್ಲ. ಈಗಲೂ ವಾಹನ ನಿಷೇಧವೆಂದರೆ ನಿಷೇಧ, ನನ್ನ ಕೀಲಿ ಗೂಟದಿಂದ ಇಳಿಯುವುದಿಲ್ಲ. ಡಿಕ್ಕಿಯಲ್ಲಿ ಎರಡು ಕಂಬಳಿ, ಒಂದು ಸಲಿಕೆ ಖಾಯಂ.

ಡಿಕ್ಕಿಯೆಂದಾಗ ಅತ್ತೆಯ ಕಥೆ ಹೇಳಲೇಬೇಕು. ಅವರು ತೀರ್ಥಹಳ್ಳಿ ಕಡೆಯವರು, ಆ ಬಿರುಗಾಳಿಯ ಮುಂದಿನ ವರ್ಷ ಚಳಿಗಾಲ ನೋಡಲೆಂದೇ ಬಂದಿದ್ದರು. ಹಿಂಚಕ್ರದ ಕಾರಿಗೆ ಹಿಂದೆ ತೂಕವಿದ್ದರೆ ಹಿಡಿತ ಹೆಚ್ಚು, ಅದಕ್ಕೆ ಇಲ್ಲಿಯವರು ಡಿಕ್ಕಿಯಲ್ಲಿ ಮರಳುಚೀಲ ಹಾಕುತ್ತಾರೆ. ಮರಳನ್ನು ಏಪ್ರಿಲ್‌ನಲ್ಲಿ ಏನು ಮಾಡುವುದು? ನಾನು ಇಂಡಿಯನ್ ಸ್ಟೋರಿನಿಂದ 20 ಪೌಂಡಿನ ಸೋನಾ ಮಸೂರಿಯ ನಾಲ್ಕು ಚೀಲ ಕೊಂಡು, ಹಿಂಚಕ್ರಗಳ ನೆತ್ತಿಗೆ ಸರಿಯಾಗಿ ಜೋಡಿಸಿದೆ. ಅತ್ತೆ ಮಂಕಿ ಕ್ಯಾಪು ಹಾಕಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಅವರನ್ನೂ ಸೇರಿಸಿ ಲೆಕ್ಕ ಹಾಕಿದರೆ ತೂಕ ಅದ್ಭುತವಾಗಿ ಹಂಚಿಕೆಯಾಗಿತ್ತು.

ಸ್ಟೋರಿನಿಂದ ಮನೆಗೆ ಬರುವ ದಾರಿಯಲ್ಲಿ ರೈಲು ಸೇತುವೆಗೆ ಏರುವ ಕಡೆ ಒಂದು ಸಿಗ್ನಲ್ಲಿದೆ. ಬೇಸಿಗೆಯಲ್ಲಿ ಅಲ್ಲೊಂದು ಏರಿದೆಯೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಜಗಲಿಯಷ್ಟು ಎತ್ತರವಿಲ್ಲ. ಆವತ್ತು ಮೈನಸ್ 13. ಬೆಳಗಿನಿಂದ ನಿಂತು ಹೊರಟ ಪ್ರತಿ ಕಾರೂ ಚಕ್ರ ತಿರುಗಿಸಿ ತಿರುಗಿಸಿ ಆ ಜಾಗವನ್ನು ಉಜ್ಜಿ ಹೊಳಪಿಟ್ಟಿತ್ತು. ಕೆಂಪು ಬಿತ್ತು. ನಿಂತೆ. ಹಸಿರು ಬಿತ್ತು. ಎರಡನೇ ಗೇರಿನಲ್ಲಿ, ಕ್ಲಚ್ಚನ್ನು ಎಷ್ಟು ನಯವಾಗಿ ಬಿಡಬಹುದೋ ಅಷ್ಟು ನಯವಾಗಿ ಬಿಟ್ಟೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿಟುಕಿತು. ಚಕ್ರ ಜಾರುತ್ತಿದೆ ಎಂದು ಕಂಪ್ಯೂಟರು ತಾನೇ ತೀರ್ಮಾನಿಸಿ ಎಂಜಿನ್ನಿನ ಕತ್ತು ಹಿಸುಕಿತು. ಗುಂಡಿ ಒತ್ತಿ ಕಂಪ್ಯೂಟರನ್ನು ಸುಮ್ಮನಿರಿಸಿದೆ. ಈಗ ಹಿಂಚಕ್ರಗಳು ಸೊಗಸಾಗಿ ತಿರುಗಿದವು. ನಾವು ಗಂಟೆಗೆ 20 ಮೈಲಿಯಲ್ಲಿ ಹೋಗುತ್ತಿದ್ದೇವೆಂದು ಸ್ಪೀಡೋಮೀಟರು ಪ್ರಮಾಣ ಮಾಡಿತು.

"ಹೋಗ್ತಾ ಇದ್ದೀವೇನೇ?" ಹಿಂದಿನಿಂದ ಅತ್ತೆ.

"ಹ್ಞೂಂ ಅತ್ತೆ."

"ಮತ್ತೆ ಆ ಕಂಬ ಆವಾಗಿಂದ ಅಲ್ಲೇ ಇದೆಯಲ್ಲೇ."

ಅಷ್ಟರಲ್ಲಿ ಕೆಂಪು. ಮತ್ತೆ ಹಸಿರು. ಕಾರು ಈ ಸಲ ಮುಂದೆ ಹೋಗದೆ, ಮೊದಲ ಸಲ ಗಂಡನ ಮನೆಯ ಪಡಸಾಲೆಗೆ ಬಂದ ಹೆಣ್ಣಿನ ಹಾಗೆ ಓರೆಯಾಗಿ ಸರಿದು, ರಸ್ತೆಯ ಅಂಚಿಗೆ ಆತು ನಿಂತಿತು. ಹಿಂದೆ ಅಂಚೆಯ ವ್ಯಾನು, ಅದರ ಹಿಂದೆ ಶಾಲಾ ಬಸ್ಸು, ಬಸ್ಸಿನ ಕಿಟಕಿಗಳಿಗೆಲ್ಲ ಮಕ್ಕಳ ಮೂಗು. ಎದುರಿನ ಪಿಕಪ್ಪಿನಿಂದ ಒಬ್ಬ ಹುಡುಗ ಇಳಿದು ಬಂದ. ಆ ಚಳಿಯಲ್ಲಿ ಅರ್ಧ ಚಡ್ಡಿ. ಅದು ಇಲ್ಲಿಯ ಗಂಡಸರ ಒಂದು ಹಟ. ನನ್ನ ಕಾಲಡಿಯ ಮ್ಯಾಟನ್ನು ಎಳೆದು ಹಿಂಚಕ್ರದ ಬಾಯಿಗೆ ತುರುಕಿ, "ಈಗ ಕೊಡಿ" ಎಂದ. ಕೊಟ್ಟೆ. 414 ಕುದುರೆಗಳೂ ಒಮ್ಮತದಿಂದ ಆ ಮ್ಯಾಟನ್ನು ಒದ್ದವು. ಅದು ಹಾರಿ ಅಂಚೆಯ ವ್ಯಾನಿನ ಮುಂಗಾಜಿಗೆ ಹೋಗಿ ಅಂಟಿಕೊಂಡಿತು. ವ್ಯಾನಿನವನು ಯೋಚಿಸಿ, ವೈಪರ್ ಹಾಕಿದ. ಮ್ಯಾಟು ಅತ್ತಿತ್ತ ಆಡಿತೇ ಹೊರತು ಬೀಳಲಿಲ್ಲ. ಬಸ್ಸಿನಲ್ಲಿ ಚಪ್ಪಾಳೆ.

ಹುಡುಗ ಡಿಕ್ಕಿ ತೆಗೆಸಿದ. ಇಲ್ಲಿಯವರು ಬೆಕ್ಕಿನ ಕಕ್ಕಸಿಗೆ ಹಾಕುವ ಮಣ್ಣನ್ನು ಚಕ್ರದಡಿ ಸುರಿದು ಹಿಡಿತ ತರಿಸುತ್ತಾರೆ, ಚೀಲದಲ್ಲಿ ಅದೇ ಇದೆಯೆಂದು ಅವನ ಎಣಿಕೆ. ಅಕ್ಕಿ ಎಂದೆ. ಅವನ ಮುಖ ಇನ್ನೂ ಅರಳಿತು. "ಅದಕ್ಕಿಂತ ಒಳ್ಳೇದು, ಸುರೀರಿ!" ಎಂದು ಚೀಲದ ದಾರಕ್ಕೆ ಕೈಹಾಕಿದ.

ಅತ್ತೆಗೆ ಇಂಗ್ಲಿಷ್ ಬಾರದು. ಆದರೆ ಅಕ್ಕಿಚೀಲದ ಕುತ್ತಿಗೆಗೂ ಹಿಮದಲ್ಲಿ ಹೂತ ಟೈರಿಗೂ ನಡುವೆ ಅವನ ಬೆರಳು ಹೋಗಿಬಂದದ್ದನ್ನು ಕಿಟಕಿಯಿಂದ ತಲೆ ಹಾಕಿ ನೋಡಿದರು. ಬಾಗಿಲು ತೆರೆದು, ಸೀರೆಯ ಕೆಳಗೆ ನನ್ನ ಹಿಮದ ಬೂಟು ಮೆಟ್ಟಿಕೊಂಡು ಇಳಿದೇಬಿಟ್ಟರು.

"ತಿನ್ನೋ ಅನ್ನಾನ ಚಕ್ರಕ್ಕೆ ಹಾಕಿ ತುಳಿಸ್ತೀಯೇನೋ? ಅನ್ನಪೂರ್ಣೆ ಕಣೋ ಅದು! ನಿಮ್ಮನೇಲಿ ಹೇಳಿಕೊಡೋರು ಯಾರೂ ಇಲ್ವಾ?"

ಹುಡುಗ ಚೀಲ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಅಜ್ಜಿಯರ ಬೈಗುಳಕ್ಕೆ ಭಾಷೆ ಬೇಕಿಲ್ಲ. ಅತ್ತೆ ಅಲ್ಲಿಗೇ ಬಿಡದೆ ರಸ್ತೆಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ನೀನೇನು ಇಲ್ಲೇ ನಿಂತು ನೆಲ ತೋಡ್ತೀಯ ಮಾರಾಯ್ತಿ? ಹಿಂದಕ್ಕೆ ಬಿಡು. ನಮ್ಮೂರ ಬಸ್ಸು ಮಳೆಗಾಲದಲ್ಲಿ ಏರಿಗೆ ಸಿಕ್ಕಿದ್ರೆ ಡ್ರೈವರ್ ಹಿಂದೆ ಬಿಟ್ಟು, ಸಪಾಟಿಂದ ಓಡಿಸ್ಕೊಂಡು ಬರ್ತಿದ್ದ. ಇವರಿಗೆ ಹಿಂದೆ ಹೋಗೋಕೆ ಹೇಳು."

ಅತ್ತೆ ಕೈಬೀಸಿದರು. ಸೀರೆ, ಬೂಟು, ಮಂಕಿ ಕ್ಯಾಪಿನ ಆ ಆಕೃತಿಗೆ ಅಂಚೆಯ ವ್ಯಾನು ಹಿಂದೆ ಸರಿಯಿತು. ಶಾಲಾ ಬಸ್ಸೇ ಸರಿಯಿತು. ಅವರನ್ನು ಹತ್ತಿಸಿಕೊಂಡು ನಾನು ಸಪಾಟಿನವರೆಗೆ ಹಿಂದಕ್ಕೆ ಇಳಿದೆ. ಹಸಿರಿಗೆ ಕಾದು ಬಿಟ್ಟೆ. ಏರಿನ ಅರ್ಧದಲ್ಲಿ ಹಿಂಬದಿ ಎಡಕ್ಕೆ ಜಾರಿತು. ಸ್ಟೀರಿಂಗನ್ನು ಅತ್ತಲೇ ತಿರುಗಿಸಿ, ಆಕ್ಸಿಲರೇಟರನ್ನು ಕೂದಲೆಳೆಯಷ್ಟೂ ಬಿಡದೆ ಹಿಡಿದೆ. ಕಾರು ಅಡ್ಡಡ್ಡವಾಗಿಯೇ, ಎಂಟೂ ಸಿಲಿಂಡರು ಹಾಡುತ್ತ, ಗಂಟೆಗೆ 15 ಮೈಲಿಯ ಭಯಂಕರ ವೇಗದಲ್ಲಿ ಸೇತುವೆ ಹತ್ತಿತು. ಅತ್ತೆಗೆ ಮುಂದಿನ ರಸ್ತೆ ಪಕ್ಕದ ಕಿಟಕಿಯಿಂದ ಕಾಣುತ್ತಿತ್ತು. ಅಷ್ಟು ಸುಖ ನನಗೆ ಯಾವ ಹೆದ್ದಾರಿಯಲ್ಲೂ ಸಿಕ್ಕಿಲ್ಲ.

"ಇನ್ನೊಂದು ಸೇತುವೆ ಇದೆಯೇನೇ?" ಎಂದರು ಅತ್ತೆ.

ಮ್ಯಾಟು ಅಂಚೆಯವನ ಜೊತೆಗೇ ಹೋಯಿತು.

ಮನೆಗೆ ಬಂದಾಗ ಇವರು ಅಕ್ಕಿ ಒಳಗೆ ತರಲು ಡಿಕ್ಕಿ ತೆಗೆದರು. ಅತ್ತೆ ತಡೆದರು. ಅದು ಕಾರಿನ ಅಕ್ಕಿ, ಚಳಿ ಮುಗಿಯುವ ತನಕ ಯಾರೂ ಮುಟ್ಟಕೂಡದು. ಹೀಗೆ ಡಿಕ್ಕಿಯಲ್ಲಿ 80 ಪೌಂಡ್ ಸೋನಾ ಮಸೂರಿ ಇಟ್ಟುಕೊಂಡು ಮಾರ್ಚ್ ಕಳೆಯುವವರೆಗೆ ನಾವು ದಿನಾ ರಾತ್ರಿ ಚಪಾತಿ ತಿಂದೆವು. ಏಪ್ರಿಲ್‌ನಲ್ಲಿ ಟೈರು ಬದಲಾಯಿಸಿದ ದಿನ ಮೊದಲ ಚೀಲ ಒಡೆದು ಅತ್ತೆ ಅನ್ನ ಮಾಡಿ ಸಾರು ಬಡಿಸಿದರು. ಇವರು ಮೊದಲ ತುತ್ತಿಗೇ ಮೂಗು ಮುರಿದು, ಅನ್ನಕ್ಕೆ ರಬ್ಬರಿನ ವಾಸನೆ ಇದೆ ಎಂದರು.

"ಏನೂ ಇಲ್ಲ," ಎಂದು ಅತ್ತೆ ಇನ್ನೊಂದು ಸೌಟು ಹಾಕಿದರು. "ಅಕ್ಕಿ ಹಳೇದಾಗಿದೆ. ನೋಡು, ಎಷ್ಟು ಉದುರುದುರಾಗಿ ಬಂದಿದೆ."