ಒಬ್ಬರೇ ಹೊರಟ ಮಾಸ್ತರು

ಸಿಂಧನೂರಿನಲ್ಲಿ ಒಬ್ಬರು ಗಾಡಿ ಕೊಂಡರು ಅಂದರೆ ಜನ ಕೇಳುವುದು ಒಂದೇ: ಎಷ್ಟು ಎಚ್‌ಪಿ? ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂತು, ನೀರಿನ ಹಿಂದೆ ಭತ್ತ, ಭತ್ತದ ಹಿಂದೆ ರೈಸ್ ಮಿಲ್ಲು, ಅದರ ಹಿಂದೆ ಟ್ರ್ಯಾಕ್ಟರ್ ಶೋರೂಮು. ಇಂಥ ಊರಿನಲ್ಲಿ ಉಳುಮೆಗೂ ಆಗದ, ಮೂಟೆ ಹೇರಲೂ ಬಾರದ, ಹೆಂಡತಿಯನ್ನು ಕೂರಿಸಿಕೊಂಡು ಜಾತ್ರೆಗೂ ಹೋಗಲಾಗದ ಒಂದು ಹಳೇ ಗಾಡಿಯನ್ನು ರೊಕ್ಕ ಕೊಟ್ಟು ಮನೆಗೆ ತರುವ ಬಗೆಯ ಮನುಷ್ಯರೂ ಇದ್ದಾರೆ. ವಯಸ್ಸು ಐವತ್ತೈದು ದಾಟಿರುತ್ತದೆ, ನೌಕರಿ ಮುಗಿದಿರುತ್ತದೆ ಇಲ್ಲವೇ ಮುಗಿಯಲಿಕ್ಕೆ ಬಂದಿರುತ್ತದೆ. ಎಲ್ಲರ ಬಾಯಲ್ಲೂ ಒಂದೇ ಮಾತು: "ಯಾರೂ ಬ್ಯಾಡ್ರಿ, ಒಬ್ಬನ ಹೊಂಟುಬಿಡ್ತೀನಿ."

ನನಗೆ ಗಂಟುಬಿದ್ದಿರುವವರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಮಾಸ್ತರು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಸಾಗರದ ಪ್ರವಾಹ, ವಾಣಿಜ್ಯ ಮಾರುತ ಎಲ್ಲ ಸೀಮೆಸುಣ್ಣದಲ್ಲಿ ಬಿಡಿಸಿದವರು. ಹೀಗಾಗಿ ಅವರ ಮೂಲ ಆಸೆ ಬೈಕಲ್ಲ, ಹಾಯಿದೋಣಿ. ಅದೂ ಹಳೇದು, ಅದೂ ಒಬ್ಬರೇ ನಡೆಸುವಂಥದ್ದು. ಕೇರಳದ ಅಭಿಲಾಷ್ ಟೋಮಿಯ ಕಥೆಯನ್ನು ಅವರ ಬಾಯಿಂದ ಕೇಳದವರು ಸಿಂಧನೂರು ತಾಲೂಕಿನಲ್ಲಿ ಕಡಿಮೆ. 2018ರ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕು ಬೆನ್ನುಮೂಳೆ ಮುರಿದುಕೊಂಡ, ಆಗ ನೌಕಾಪಡೆಯ ಅಧಿಕಾರಿಯಾಗಿದ್ದ ಅವರು, 2022ರಲ್ಲಿ ಮತ್ತೆ ಅದೇ ರೇಸಿಗೆ ಇಳಿದು, ಹಳೇ ಹಾಯಿದೋಣಿಯೊಂದರಲ್ಲಿ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ದಡ ಸೇರಿದರು. ಆ ರೇಸಿನಲ್ಲಿ ದೋಣಿಯ ವಿನ್ಯಾಸ 1988ಕ್ಕಿಂತ ಹಿಂದಿನದೇ ಆಗಿರಬೇಕು, ಜಿಪಿಎಸ್ ಬಳಸುವಂತಿಲ್ಲ. "ನೋಡ್ರಿ, ಹಳೇದ ಇರಬೇಕಂತ ರೂಲ್ಸೇ ಐತಿ," ಎಂದು ಮಾಸ್ತರು ಮೇಜು ಕುಟ್ಟುತ್ತಾರೆ. ಮೊದಲ ರೇಸನ್ನು 1969ರಲ್ಲಿ ಗೆದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್ನರ 'ಸುಹೈಲಿ' ನಮ್ಮ ಮುಂಬೈಯಲ್ಲೇ ಕಟ್ಟಿದ ತೇಗದ ದೋಣಿ ಎಂಬಲ್ಲಿಗೆ ಬರುವಾಗ ಅವರ ಕಣ್ಣು ಒದ್ದೆಯಾಗಿರುತ್ತದೆ, ನಮ್ಮ ಚಹಾ ಆರಿರುತ್ತದೆ.

ಸಿಂಧನೂರಿಗೆ ಸಮುದ್ರವಿಲ್ಲ ಎಂಬುದೊಂದೇ ಅಡಚಣೆ. ಕಾಲುವೆಯಲ್ಲಿ ಹಾಯಿ ಬಿಡೋಣವೆಂದರೆ ನೀರು ಯಾವಾಗ ಬಿಡುತ್ತಾರೆ ಎಂಬುದು ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ತೀರ್ಮಾನವಾಗಬೇಕು. ಆದ್ದರಿಂದ ಯೆಜ್ಡಿ ಬೈಕು.

ಮುದಗಲ್ಲಿನ ಕಡೆ ಒಂದು ಹಳ್ಳಿಯಲ್ಲಿ ರೋಡ್‌ಕಿಂಗ್ ಇದೆಯೆಂದು ಯಾರೋ ಕಿವಿಗೆ ಹಾಕಿದ್ದರು. ವ್ಯವಹಾರ ಕುದುರಿಸಲು ನನ್ನನ್ನು ಕರೆದೊಯ್ದರು. ದಾರಿಯುದ್ದಕ್ಕೂ ಪಾಠ ಹೇಳಿದೆ: ಮುಖ ಗಂಟು ಹಾಕಿಕೊಂಡಿರಿ, ಹೊಗಳಬ್ಯಾಡ್ರಿ, ಆಗಾಗ "ಬಾಳ ಕೆಟ್ಟೈತಲ್ರಿ" ಅಂತಿರ್ರಿ, ಉಳಿದದ್ದು ನನಗೆ ಬಿಡ್ರಿ. ಮಾಸ್ತರು ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು.

ಗಾಡಿ ದನದ ಕೊಟ್ಟಿಗೆಯ ಮೂಲೆಯಲ್ಲಿತ್ತು, ಮೇಲೊಂದು ಹರಿದ ತಾಡಪತ್ರಿ. ಸೀಟಿನ ಹರುಕಿನೊಳಗೆ ಕೋಳಿ ಕಾವು ಕೂತಿತ್ತು. ಅದನ್ನು ಎಬ್ಬಿಸಲು ಯಜಮಾನರು ಸುತರಾಂ ಒಪ್ಪಲಿಲ್ಲ. "ಇನ್ನ ನಾಕ್ ದಿನಕ್ಕ ಮರಿ ಆಗ್ತಾವ್ರಿ, ಹಂಗ ನೋಡ್ರಿ." ಕೋಳಿಯನ್ನು ಬಿಟ್ಟು ಉಳಿದ ಭಾಗವನ್ನು ನೋಡಿದೆವು. ಮಾಸ್ತರರ ಬಾಯಿ ಪಾಠ ಒಪ್ಪಿಸಿತು, "ಬಾಳ ಕೆಟ್ಟೈತಲ್ರಿ." ಕೈ ಮಾತ್ರ ಜೇಬಿನಿಂದ ಕರವಸ್ತ್ರ ತೆಗೆದು ಟ್ಯಾಂಕಿನ ಧೂಳನ್ನು ಮೆಲ್ಲಗೆ ಒರೆಸುತ್ತಿತ್ತು. ಯಜಮಾನರು ಬಾಯಿಯ ಕಡೆ ಲಕ್ಷ್ಯ ಕೊಡಲಿಲ್ಲ, ಕೈ ನೋಡಿದರು. "ಇದು ಮಾರಾಂಗಿಲ್ರಿ," ಅಂದರು.

ಅಲ್ಲಿಂದ ಬೆಲೆ ಏರತೊಡಗಿತು. ನಾನು ಮಡ್‌ಗಾರ್ಡಿನ ತುಕ್ಕು ತೋರಿಸಿದೆ. "ಅದು ತುಕ್ಕಲ್ಲರೀ, ಬಣ್ಣಾನ ಹಂಗೈತಿ," ಎಂದು ಮಾಸ್ತರೇ ನನ್ನ ಬಾಯಿ ಮುಚ್ಚಿಸಿದರು. ಎರಡು ಸೈಲೆನ್ಸರಿನಲ್ಲಿ ಒಂದು ತೂತಾಗಿದೆ ಅಂದೆ. "ಇನ್ನೊಂದು ಚಲೋ ಐತಲ್ಲ," ಅಂದರು. ಎಂಜಿನ್ ಜಾಮ್ ಆಗಿದೆ ಅಂದೆ. "ಅಂದ್ರ ಒಳಗ ಸಾಮಾನು ಐತಿ ಅಂತ ಆತು." ಕಟ್ಟಕಡೆಗೆ ನನ್ನ ಮೇಲೆ ಕನಿಕರ ಹುಟ್ಟಿ ಯಜಮಾನರೇ ಒಂದು ಸಾವಿರ ಇಳಿಸಿದರು. ಮಾಸ್ತರು ಆ ಸಾವಿರದಲ್ಲಿ ಐನೂರನ್ನು ಕೋಳಿಗೆ ತೊಂದರೆಯಾಯಿತೆಂದು ವಾಪಸು ಕೊಟ್ಟರು.

ಕಾಗದಪತ್ರದ ಪುರಾಣವನ್ನು ಚಿಕ್ಕದಾಗಿ ಮುಗಿಸುತ್ತೇನೆ. ಆರ್‌ಸಿ ಇದ್ದದ್ದು ಯಜಮಾನರ ತೀರಿಹೋದ ತಂದೆಯ ಹೆಸರಿನಲ್ಲಿ. ಮೊದಲು 31ನೇ ಫಾರಂ ತುಂಬಿ ವಾರಸುದಾರರ ಹೆಸರಿಗೆ, ಆಮೇಲೆ 29, 30 ತುಂಬಿ ಕೊಂಡವರ ಹೆಸರಿಗೆ. ಹದಿನೈದು ವರ್ಷ ದಾಟಿದ ಗಾಡಿಯಾದ್ದರಿಂದ ನೋಂದಣಿ ನವೀಕರಣ, ಹಸಿರು ತೆರಿಗೆ ಬೇರೆ. ಅಣ್ಣತಮ್ಮಂದಿರ ಒಪ್ಪಿಗೆ ಕೇಳಿದರೆ, ಇಷ್ಟು ವರ್ಷ ಆ ಗಾಡಿಯನ್ನು ಮರೆತಿದ್ದ ಪುಣೆಯ ತಮ್ಮ ಫೋನಿನಲ್ಲಿ "ಅಪ್ಪನ ಗಾಡಿ ಮಾರ್ತಿಯೇನೋ" ಎಂದು ಅತ್ತುಬಿಟ್ಟ. ಮಾಸ್ತರೂ ಈ ಕಡೆಯಿಂದ ಅತ್ತರು. ಆರ್‌ಟಿಓ ಏಜೆಂಟನಿಗೆ ದುಡ್ಡು ಎಣಿಸಿದ್ದು ನಾನು.

ಈ ಗಾಡಿಯನ್ನು ಕಾಣದ ಹೊಸ ಹುಡುಗರಿಗಾಗಿ ಒಂದೆರಡು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಿಸಿ, 1996ರಲ್ಲಿ ಬಾಗಿಲು ಹಾಕಿತು. ರೋಡ್‌ಕಿಂಗ್ 1978ರಲ್ಲಿ ಬಂದದ್ದು, 250 ಸಿಸಿ, ಟೂ ಸ್ಟ್ರೋಕ್, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಪೆಟ್ರೋಲಿಗೆ ಆಯಿಲ್ ಕಲಸಿಯೇ ಹಾಕಬೇಕು. ಎಲ್ಲಕ್ಕಿಂತ ಮಜ ಅದರ ಕಿಕ್ಕರಿನದು. ಬೇರೆ ಕಿಕ್ಕರೇ ಇಲ್ಲ, ಎಡಗಾಲಿನ ಗೇರ್ ಲಿವರೇ ಕಿಕ್ಕರು. ಒಳಕ್ಕೆ ಒತ್ತಿ, ಮೇಲಕ್ಕೆ ತಿರುಗಿಸಿ, ಒದೆಯಬೇಕು. ಸ್ಟಾರ್ಟ್ ಆದ ಮೇಲೆ ಅದನ್ನೇ ತಿರುಗಿಸಿ ಮೊದಲಿನ ಜಾಗಕ್ಕೆ ತಂದರೆ ಗೇರು. ಮಸ್ಕಿ ಬಸ್‌ಸ್ಟ್ಯಾಂಡಿನ ಹುಡುಗರು ಬಲಗಡೆ ಬಗ್ಗಿ ಬಗ್ಗಿ ಕಿಕ್ಕರ್ ಹುಡುಕುವುದನ್ನು ನೋಡುತ್ತ ಮಾಸ್ತರು ತುಟಿ ಕಚ್ಚಿ ನಗು ತಡೆಯುತ್ತಾರೆ. ಕೀಲಿ ಗಾಡಿಯಲ್ಲೇ ಬಿಟ್ಟು ಹೋಗುತ್ತಾರೆ. ಕದಿಯುವವನಿಗೆ ಮೊದಲು ಪಾಠ ಹೇಳಬೇಕಾಗುತ್ತದೆ ಎಂಬ ಧೈರ್ಯ.

ಮಸ್ಕಿಯ ಹುಡುಗರ ಮಾತು ಯಾಕೆ ಬಂತೆಂದರೆ, ಮಾಸ್ತರರ ಎಲ್ಲ ಒಂಟಿ ಯಾತ್ರೆಗಳೂ ಮುಗಿಯುವುದು ಮಸ್ಕಿಯಲ್ಲಿ. ಗುರಿ ಗೋಕರ್ಣ. ಸಿಂಧನೂರಿನಿಂದ ಗೋಕರ್ಣಕ್ಕೆ ಹೋಗುವ ಬುದ್ಧಿವಂತರು ತಾವರಗೇರಾ, ಕುಷ್ಟಗಿ ದಾರಿ ಹಿಡಿಯುತ್ತಾರೆ. ಮಾಸ್ತರು ಲಿಂಗಸುಗೂರಿನ ದಾರಿ ಹಿಡಿಯುತ್ತಾರೆ, ಯಾಕೆಂದರೆ ಯೆಜ್ಡಿಯ ನಾಡಿ ಬಲ್ಲ ಚಾಚಾ ಇರುವುದು ಲಿಂಗಸುಗೂರಿನಲ್ಲಿ. ಚಾಚಾನ ಗ್ಯಾರೇಜಿಗೆ ಎರಡು ಮನೆ ಆಚೆ ನಾನಿರುವುದು ನನ್ನ ಪ್ರಾರಬ್ಧ. ನಸುಕಿನಲ್ಲಿ ಟ್ಯಾಂಕಿಗೆ ಊದುಬತ್ತಿ ಬೆಳಗಿ, "ಫೋನ್ ಮಾಡಬ್ಯಾಡ್ರಿ, ನಾ ಒಬ್ಬನ ಹೊಂಟೀನಿ" ಎಂದು ಎಲ್ಲರಿಗೂ ಫೋನ್ ಮಾಡಿ ಹೊರಡುತ್ತಾರೆ. ಮಸ್ಕಿ ಹತ್ತಿರ ಬರುತ್ತಲೇ ಪ್ಲಗ್ಗಿಗೆ ಕಾರ್ಬನ್ ಹಿಡಿದು, ಎರಡು ಸಲ ಕೆಮ್ಮಿ, ಗಾಡಿ ನಿಲ್ಲುತ್ತದೆ. ಭೂಮಿ ಸುತ್ತುವ ದೋಣಿಯವರಿಗೆ ಕೇಪ್ ಹಾರ್ನ್ ಹೇಗೋ ಇವರಿಗೆ ಮಸ್ಕಿ.

ಆಮೇಲೆ ಒಂಟಿ ಪ್ರವಾಸದ ಸಿಬ್ಬಂದಿ ಕೆಲಸಕ್ಕಿಳಿಯುತ್ತದೆ. ಟಾಟಾ ಏಸ್ ತರುವವನೊಬ್ಬ, ಸ್ಪ್ಯಾನರ್ ಹಿಡಿಯುವವನೊಬ್ಬ, ತಳ್ಳುವವರಿಬ್ಬರು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಾಯಿಂಟ್ ಸೆಟ್ ಹುಡುಕುವ ಅಳಿಯ, ಫೋನಿನಲ್ಲೇ ಎಂಜಿನ್ನಿನ ಸದ್ದು ಕೇಳಿ ರೋಗ ಹೇಳುವ ಚಾಚಾ. ನಾನು ಆಫೀಸಿಗೆ ಅರ್ಧ ದಿನ ರಜೆ ಬರೆದು ಸ್ಕೂಟಿ ಏರುತ್ತೇನೆ. ಬಟನ್ ಒತ್ತಿದರೆ ಹೊರಡುವ ಗಾಡಿ ನನ್ನದು. ಅದನ್ನು ಮಾಸ್ತರು ಗಾಡಿ ಎಂದು ಕರೆಯುವುದಿಲ್ಲ, "ನಿಮ್ಮ ಮಿಕ್ಸರ್" ಅನ್ನುತ್ತಾರೆ.

ನಾವು ಮುಟ್ಟುವ ಹೊತ್ತಿಗೆ ಅವರು ಸಾಮಾನ್ಯವಾಗಿ ಗಾಡಿಯ ಹತ್ತಿರ ಇರುವುದಿಲ್ಲ, ಅಶೋಕನ ಶಾಸನದ ಗುಡ್ಡದ ಮೇಲಿರುತ್ತಾರೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಬಂಡೆ ಅದು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿ ಲೋಕಕ್ಕೆ ತೋರಿಸಿಕೊಟ್ಟದ್ದು. ಶ್ರದ್ಧೆಯಿಂದ ಪ್ರಯತ್ನಪಟ್ಟರೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಮೇಲಿನ ಗತಿ ಸಿಗುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಮಾಸ್ತರು ಇದನ್ನು ಕಿಕ್ ಹೊಡೆಯುವ ಬಗ್ಗೆ ಹೇಳಿದ್ದೆಂದು ತಿಳಿದಿದ್ದಾರೆ. "ಅಶೋಕನೂ ಎರಡೂವರೆ ವರ್ಷ ಸುಮ್ಮ ಕುಂತಿದ್ದ, ಆಮ್ಯಾಲ ಸ್ಟಾರ್ಟ್ ಆದ," ಎಂದು ನನಗೇ ಸಮಾಧಾನ ಹೇಳುತ್ತಾರೆ.

ಸಿಟ್ಟು ಬರದೆ ಇರುತ್ತದೆಯೇ? ಬರುತ್ತದೆ. ಒಮ್ಮೆ ಬೈಯಬೇಕೆಂದೇ ಹೋಗಿದ್ದೆ. ಗಾಡಿಯ ಸುತ್ತ ಆಗಲೇ ಜನ ಸೇರಿತ್ತು. ಹತ್ತಿ ಮಾರಿ ಬರುತ್ತಿದ್ದವರೊಬ್ಬರು, "ನಮ್ಮಪ್ಪಂದೂ ಇತ್ರಿ ಇಂಥಾದ್ದು, ಇದರ ಮ್ಯಾಲ ಕುಂದರಿಸಿಕೊಂಡು ನನ್ನ ಸಾಲಿಗೆ ಬಿಟ್ಟು ಬರ್ತಿದ್ದ," ಎನ್ನುತ್ತ ಪ್ಲಗ್ಗನ್ನು ತಮ್ಮ ಟವೆಲ್ಲಿನಿಂದಲೇ ಒರೆಸುತ್ತಿದ್ದರು. ಯಾರೋ ಚಹಾ ತಂದಿದ್ದರು. ಮಾಸ್ತರು ಅಲ್ಲೇ ರಸ್ತೆಬದಿಯ ಬಂಡೆಗೊರಗಿ ಕೂತು ಎಲ್ಲರ ಹೆಸರು, ಊರು, ಯಾರ ಮಕ್ಕಳು ಎಂದು ವಿಚಾರಿಸುತ್ತಿದ್ದರು. ಅವರ ಮಗ ಬೆಂಗಳೂರಿನಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಹೋದ ಹೆಂಡತಿ ಯುಗಾದಿಗೋ ದೀಪಾವಳಿಗೋ ಬಂದುಹೋಗುತ್ತಾರೆ. ಸಿಂಧನೂರಿನ ಆ ಮನೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕೂತರೂ "ಏನ್ ಮಾಸ್ತರ್ರ" ಅನ್ನುವವರಿಲ್ಲ. ಹೊಸ ಗಾಡಿ ಕೊಂಡಿದ್ದರೆ ಗೋಕರ್ಣ ಮುಟ್ಟುತ್ತಿದ್ದರು, ದಾರಿಯಲ್ಲಿ ಒಂದು ನರಪಿಳ್ಳೆಯೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಜಿಪಿಎಸ್ ಮುಟ್ಟುವುದಿಲ್ಲವೆಂಬ ಹಟದಲ್ಲಿ, ಕಣ್ಣುಕಟ್ಟಿ ಬಿಟ್ಟರೂ ಮುಟ್ಟಬಲ್ಲ ಲಿಂಗಸುಗೂರಿಗೆ ಯಾವ ದಾರಿ ಎಂದು ಕಂಡಕಂಡವರನ್ನು ಕೇಳುತ್ತಾರಲ್ಲ, ಅದೂ ಆವತ್ತು ಅರ್ಥವಾಯಿತು. ಬೈಯಲಿಲ್ಲ. ನನ್ನ ಕೈಗೂ ಒಂದು ಚಹಾ ಬಂತು, ಅದರ ಬೆನ್ನಿಗೇ ಸ್ಪ್ಯಾನರೂ ಬಂತು, ಅಂಗಿಗೆ ಗ್ರೀಸೂ ಹತ್ತಿತು. ಆ ಕಲೆ ಇನ್ನೂ ಹೋಗಿಲ್ಲ.

ಸಿಂಧನೂರು, ಲಿಂಗಸುಗೂರು ನಡುವೆ ಓಡಾಡುವವರಲ್ಲಿ ಒಂದು ವಿನಂತಿ. ಮಸ್ಕಿಯ ಆಸುಪಾಸಿನಲ್ಲಿ ನೀಲಿ ಹೊಗೆಯ ಪಕ್ಕ ಹೆಲ್ಮೆಟ್ ಕಳಚಿಟ್ಟು ನಿಂತ ಹಿರಿಯರೊಬ್ಬರು ಕಂಡರೆ, ಕೋರ್ಟು, ಆಸ್ಪತ್ರೆ, ಮದುವೆ ಮುಹೂರ್ತದ ಗಡಿಬಿಡಿಯಲ್ಲಿದ್ದವರು ದಯವಿಟ್ಟು ನಿಲ್ಲಿಸಬೇಡಿ. ಪುರುಸೊತ್ತು ಇದ್ದವರು ನಿಲ್ಲಿಸಿ. ಪ್ಲಗ್ ಉಜ್ಜಲು ಒಂದು ತುಂಡು ಪಾಲಿಶ್ ಪೇಪರ್ ಜೇಬಿನಲ್ಲಿರಲಿ. ಚಹಾದ ದುಡ್ಡು ಅವರೇ ಕೊಡುತ್ತಾರೆ.