ಬೋರೋ, ಸ್ಟ್ರೋಕೋ?

ಹೊಸೂರಿನಲ್ಲಿ ಗಂಡು ನೋಡಲು ಬಂದವರೂ ಜಾತಕಕ್ಕಿಂತ ಮೊದಲು ಬೈಕಿನ ಸಿಸಿ ಕೇಳಿಯಾರು. ಟಿವಿಎಸ್, ಅಶೋಕ್ ಲೇಲ್ಯಾಂಡ್ ಎರಡೂ ಇರುವ ಊರು. ಟೀ ಅಂಗಡಿ ಬೆಂಚಿನ ಮೇಲೆ ಕೂತವನೂ ಅರ್ಧ ಎಂಜಿನಿಯರ್. ಅಲ್ಲಿನ ಬಗೆಹರಿಯದ ವ್ಯಾಜ್ಯ ಒಂದೇ: ಬೋರ್ (ಸಿಲಿಂಡರಿನ ಒಳವ್ಯಾಸ) ಅಗಲವಿರಬೇಕೋ, ಸ್ಟ್ರೋಕ್ (ಅದರೊಳಗೆ ಪಿಸ್ಟನ್ ಓಡುವ ದೂರ) ಉದ್ದವಿರಬೇಕೋ?

ಇಲ್ಲೇ ತಯಾರಾಗುವ ಅಪಾಚೆ ಆರ್‌ಆರ್ 310ರದ್ದು 80 ಮಿ.ಮೀ. ಬೋರ್, 62.1 ಮಿ.ಮೀ. ಸ್ಟ್ರೋಕ್. ಹಳೇ ಬುಲೆಟ್ 350ರದ್ದು ಉಲ್ಟಾ: 70, 90. ಅಪಾಚೆ 9,700 ಆರ್‌ಪಿಎಂನಲ್ಲಿ ಕಿರುಚುವಾಗ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್. ಬುಲೆಟ್ಟನ್ನೂ ಅಷ್ಟೇ ತಿರುಗಿಸಿದರೆ 29 ಮೀಟರ್! ಕನೆಕ್ಟಿಂಗ್ ರಾಡ್ ರಾಜೀನಾಮೆ ಬರೆದಿಟ್ಟು ಕ್ರ್ಯಾಂಕ್‌ಕೇಸ್ ಒಡೆದುಕೊಂಡೇ ಹೊರಟೀತು. ಅದಕ್ಕೇ ಓಟದ ಎಂಜಿನ್ನಿಗೆ ಗಿಡ್ಡ ಸ್ಟ್ರೋಕು, ಅಗಲ ಬೋರು. ದೊಡ್ಡ ವಾಲ್ವ್ ಹಿಡಿಸುತ್ತದೆ, ಉಸಿರಾಟ ಸರಾಗ.

“ಹಂಗಾದ್ರೆ ನನ್ನ ಗಾಡಿ ಬೋರು ಇನ್ನಷ್ಟು ಕೊರೆಸಿಬಿಡ್ಲಾ ಅಣ್ಣಾ?” ಅಂದ ಹುಡುಗನೊಬ್ಬ.

ಮೆಕ್ಯಾನಿಕ್ ತಲೆಯೆತ್ತಲಿಲ್ಲ. “ಕೊರೆಸಪ್ಪಾ. ಗೋಡೆ ತೆಳ್ಳಗಾದ್ಮೇಲೆ ಅದು ಸಿಲಿಂಡರಲ್ಲ, ಟೀ ಲೋಟ.”

ಇಷ್ಟೆಲ್ಲ ಲೆಕ್ಕ ಹಾಕಿ ಬೆಂಗಳೂರಿಗೆ ಹೊರಡಿ. ಅತ್ತಿಬೆಲೆ ಟ್ರಾಫಿಕ್ಕಿನಲ್ಲಿ ಅಪಾಚೆ, ಬುಲೆಟ್, ತರಕಾರಿ ಟೆಂಪೊ ಮೂರರದ್ದೂ ಒಂದೇ ವೇಗ. ಮುಂದೆ ನುಗ್ಗುವವನು ಸೈಕಲ್ಲಿನವನೇ.